ಸುಮ್ಮನಿರುವುದನ್ನು ನೆನಪಿಡುವ ನೊಣ

ಈ ಸಲದ ಇತಿಹಾಸದ ಪುಟದಲ್ಲಿ ರಾಜರೂ ಇಲ್ಲ, ಯುದ್ಧಗಳೂ ಇಲ್ಲ. ನಿಮ್ಮ ಅಡುಗೆಮನೆಯಲ್ಲಿ ಕಳಿತ ಬಾಳೆಹಣ್ಣಿನ ಮೇಲೆ ಸುಳಿದಾಡುವ ಎಳ್ಳುಕಾಳಿನಷ್ಟು ಚಿಕ್ಕ ನೊಣವಿದೆಯಲ್ಲ, ಅದರದೇ ಕಥೆ. ಕೈಯಾಡಿಸಿ ಓಡಿಸುವ ಮುನ್ನ ಒಂದು ನಿಮಿಷ ಕೇಳಿ. ನಿಮ್ಮ ಮೈಯ ಬಗ್ಗೆ ವಿಜ್ಞಾನಕ್ಕೆ ತಿಳಿದಿರುವ ಎಷ್ಟೋ ಸಂಗತಿಗಳನ್ನು ಮೊದಲು ಹೇಳಿಕೊಟ್ಟದ್ದು ಈ ನೊಣವೇ!

ಮೊದಲು ಒಂದು ಪ್ರಶ್ನೆ. ನಿಮ್ಮ ಕಣ್ಣಿನ ಜೀವಕೋಶದಲ್ಲಿರುವ ವಂಶವಾಹಿಗಳೇ ಕಾಲಿನ ಜೀವಕೋಶದಲ್ಲೂ ಇವೆ. ಎಲ್ಲವೂ ಒಂದೇ ಮೊಟ್ಟೆಯಿಂದ ಬಂದವು ತಾನೇ? ಹಾಗಿದ್ದ ಮೇಲೆ ಕಣ್ಣು ಕಣ್ಣಾಗಿ, ಕಾಲು ಕಾಲಾಗಿ ಉಳಿಯುವುದು ಹೇಗೆ? ಉತ್ತರ ನಮ್ಮ ಸ್ಟುಡಿಯೋದವರಿಗೆ ಬೇಗ ಹೊಳೆಯುತ್ತದೆ. ಒಬ್ಬರು ಮಾತಾಡುವಾಗ ಉಳಿದವರ ಮೈಕು ಮುಚ್ಚಿರಬೇಕು. ಎಲ್ಲ ಮೈಕೂ ಒಟ್ಟಿಗೆ ತೆರೆದರೆ ನಿಮಗೆ ಕೇಳಿಸುವುದು ಬರೀ ಗದ್ದಲ. ಜೀವಕೋಶದಲ್ಲೂ ಅಷ್ಟೇ. ಕೆಲವು ವಂಶವಾಹಿಗಳು ಮಾತಾಡುತ್ತವೆ, ಉಳಿದವನ್ನು ಸುಮ್ಮನಿರಿಸಲಾಗುತ್ತದೆ. ಈ ಸುಮ್ಮನಿರಿಸುವ ಕೆಲಸ ಯಾರದು ಎಂದು ಹುಡುಕಲು ವಿಜ್ಞಾನಿಗಳಿಗೆ ಮುಕ್ಕಾಲು ಶತಮಾನ ಬೇಕಾಯಿತು.

ಕಥೆ ಶುರುವಾಗುವುದು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ. 1910ರಲ್ಲಿ ಥಾಮಸ್ ಹಂಟ್ ಮಾರ್ಗನ್ ಅವರ ಕೆಂಪುಗಣ್ಣಿನ ನೊಣಗಳ ನಡುವೆ ಬಿಳಿಗಣ್ಣಿನದೊಂದು ಗಂಡು ನೊಣ ಕಾಣಿಸಿಕೊಂಡಿತು. ಕಣ್ಣಿಗೆ ಕೆಂಪು ಬಣ್ಣ ಬರಲು ಬೇಕಾದ ವಂಶವಾಹಿ ಅದರಲ್ಲಿ ಕೆಟ್ಟಿತ್ತು. ಇಪ್ಪತ್ತು ವರ್ಷಗಳ ನಂತರ, 1930ರಲ್ಲಿ, ಮಾರ್ಗನ್ನರ ಶಿಷ್ಯ ಹರ್ಮನ್ ಮುಲ್ಲರ್ ಇನ್ನೂ ವಿಚಿತ್ರವಾದದ್ದನ್ನು ವರದಿ ಮಾಡಿದರು. ಎಕ್ಸ್ ಕಿರಣ ತಾಗಿಸಿದ ನೊಣಗಳ ಸಂತಾನದಲ್ಲಿ ಕೆಲವಕ್ಕೆ ಕೆಂಪು ಕಣ್ಣಿನಲ್ಲಿ ಬಿಳಿ ತೇಪೆಗಳು! ವಂಶವಾಹಿ ಕೆಟ್ಟಿದ್ದರೆ ಇಡೀ ಕಣ್ಣು ಬೆಳ್ಳಗಾಗಬೇಕಿತ್ತು. ಚೆನ್ನಾಗಿದ್ದರೆ ಇಡೀ ಕಣ್ಣು ಕೆಂಪಗಿರಬೇಕಿತ್ತು. ಇದೇನಿದು ಅರ್ಧಂಬರ್ಧ?

ವಂಶವಾಹಿ ಕೆಟ್ಟಿರಲಿಲ್ಲ. ಎಕ್ಸ್ ಕಿರಣದಿಂದ ವರ್ಣತಂತು ತುಂಡಾಗಿ ಮತ್ತೆ ಕೂಡಿಕೊಳ್ಳುವಾಗ ಆ ವಂಶವಾಹಿಯ ವಿಳಾಸ ಬದಲಾಗಿತ್ತು. ಅದು ಹೋಗಿ ಬಿದ್ದದ್ದು ವರ್ಣತಂತುವಿನ ಬಿಗಿಯಾಗಿ ಸುತ್ತಿಕೊಂಡ ಭಾಗದ ಪಕ್ಕದಲ್ಲಿ. ಆ ಬಿಗಿತ ಕೆಲವು ಜೀವಕೋಶಗಳಲ್ಲಿ ಪಕ್ಕದ ಮನೆಗೂ ಹಬ್ಬಿ ವಂಶವಾಹಿಯ ಬಾಯಿ ಕಟ್ಟುತ್ತಿತ್ತು. ಇನ್ನು ಕೆಲವದರಲ್ಲಿ ಹಬ್ಬುತ್ತಿರಲಿಲ್ಲ. ಒಮ್ಮೆ ಬಾಯಿ ಕಟ್ಟಿದ ಕೋಶದ ಮರಿಕೋಶಗಳೂ ಸುಮ್ಮನೆ ಇರುತ್ತಿದ್ದವು, ಅದಕ್ಕೇ ತೇಪೆ. ಅಂದರೆ ಅಕ್ಷರ ಒಂದೂ ಬದಲಾಗದೆ ಮೌನ ತಲೆಮಾರಿನಿಂದ ತಲೆಮಾರಿಗೆ ದಾಟುತ್ತಿತ್ತು.

ಕಥೆಯ ಎರಡನೆಯ ಎಳೆ ನೊಣದ ಕಾಲಿನಲ್ಲಿದೆ. ಗಂಡು ನೊಣದ ಮುಂಗಾಲುಗಳಲ್ಲಿ ಮಾತ್ರ ಬಾಚಣಿಗೆಯಂತಹ ಕಪ್ಪು ಬಿರುಗೂದಲಿನ ಸಾಲಿರುತ್ತದೆ. 1942ರಲ್ಲಿ ಎಲೀನರ್ ಸ್ಲೈಫರ್ ಎಂಬ ಮಹಿಳೆ ಹೆಚ್ಚುವರಿ ಬಾಚಣಿಗೆಗಳಿದ್ದ ನೊಣಗಳ ತಳಿಯೊಂದನ್ನು ವಿವರಿಸಿದರು. 1947ರಲ್ಲಿ ಕ್ಯಾಲಿಫೋರ್ನಿಯಾದ ಕ್ಯಾಲ್‌ಟೆಕ್ ಸಂಸ್ಥೆಯಲ್ಲಿ ಪಮೇಲಾ ಲೂಯಿಸ್ ಅವರಿಗೂ ಹಿಂಗಾಲುಗಳಲ್ಲೂ ಬಾಚಣಿಗೆ ಹೊತ್ತ ನೊಣ ಸಿಕ್ಕಿತು. ಅದಕ್ಕೆ ಕೊಟ್ಟ ಹೆಸರು ‘ಪಾಲಿಕೋಂಬ್’, ನಮ್ಮ ಮಾತಿನಲ್ಲಿ ಬಹುಬಾಚಣಿಗೆ. ಸಾವಿರಾರು ನೊಣಗಳನ್ನು ಸೂಕ್ಷ್ಮದರ್ಶಕದಡಿ ಹೊರಳಿಸುತ್ತ, ಕಾಲಿನ ನಾಲ್ಕು ಕೂದಲು ಹೆಚ್ಚಿರುವುದನ್ನು ಗುರುತಿಸುವುದೆಂದರೆ ಹುಡುಗಾಟವಲ್ಲ. ಅಕ್ಕಿ ಆರಿಸುವ ಅಜ್ಜಿಯ ಕಣ್ಣು ಬೇಕು.

ಪಮೇಲಾ ಅವರ ಪತಿ ಎಡ್ವರ್ಡ್ ಲೂಯಿಸ್ ಅದೇ ಸಂಸ್ಥೆಯಲ್ಲಿ, ಯಾವ ಅಂಗ ಎಲ್ಲಿ ಬೆಳೆಯಬೇಕೆಂದು ಹೇಳುವ ವಂಶವಾಹಿಗಳ ಹಿಂದೆ ಬಿದ್ದಿದ್ದರು. ಈ ವಂಶವಾಹಿಗಳಲ್ಲಿ ಏರುಪೇರಾದರೆ ಎರಡು ರೆಕ್ಕೆಯ ನೊಣಕ್ಕೆ ನಾಲ್ಕು ರೆಕ್ಕೆ ಬರುತ್ತದೆ. 1978ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಅವರು ಬರೆದ ಲೇಖನ ಎರಡು ಎಳೆಗಳನ್ನು ಹೊಸೆಯಿತು. ಪಾಲಿಕೋಂಬ್ ಪೂರ್ತಿ ಇಲ್ಲದ ಭ್ರೂಣದಲ್ಲಿ ಹೆಚ್ಚುಕಡಿಮೆ ಎಲ್ಲ ಖಂಡಗಳೂ ಹೊಟ್ಟೆಯ ಎಂಟನೆಯ ಖಂಡದಂತಾಗಲು ಹೊರಟು, ಭ್ರೂಣ ಸತ್ತೇ ಹೋಗುತ್ತಿತ್ತು. ಸುಮ್ಮನಿರಬೇಕಾದವೆಲ್ಲ ಒಟ್ಟಿಗೆ ಮಾತಿಗಿಳಿದಿದ್ದವು! ಪಾಲಿಕೋಂಬ್‌ನ ಕೆಲಸ ಬಾಯಿ ಮುಚ್ಚಿಸುವುದು ಎಂದು ಲೂಯಿಸ್ ಊಹಿಸಿದರು, ಊಹೆ ಸರಿಯಾಗಿತ್ತು. 1995ರಲ್ಲಿ ಅವರಿಗೆ, ಇನ್ನಿಬ್ಬರ ಜೊತೆಗೆ, ನೊಬೆಲ್ ಬಂತು. ಬಹುಮಾನದ ಪಟ್ಟಿಯಲ್ಲಿ ಪಮೇಲಾ ಹೆಸರಿಲ್ಲ. ಆದರೆ ಅವರು ಕಂಡ ನೊಣದ ಹೆಸರು ಜಗತ್ತಿನ ಪ್ರಯೋಗಾಲಯಗಳಲ್ಲಿ ಇಂದಿಗೂ ದಿನನಿತ್ಯದ ಮಾತು.

ಒಳಗಿನ ಕೆಲಸ ನಡೆಯುವುದು ಹೀಗೆ. ಮೊಟ್ಟೆಯ ಬೆಳವಣಿಗೆಯ ಮೊದಲ ಕೆಲವು ಗಂಟೆಗಳಲ್ಲಿ ಕೆಲವು ಪ್ರೋಟೀನುಗಳು ಬಂದು, ಇದು ತಲೆಯ ಕಡೆ, ಇದು ಬಾಲದ ಕಡೆ ಎಂದು ಗುರುತು ಹಾಕಿ ಮಾಯವಾಗುತ್ತವೆ. ಗುರುತು ಹಾಕಿದವರು ಹೋದ ಮೇಲೆ ನೆನಪು ಇಟ್ಟುಕೊಳ್ಳುವವರು ಯಾರು? ಪಾಲಿಕೋಂಬ್ ಬಳಗ. ಡಿ.ಎನ್.ಎ. ದಾರವು ಹಿಸ್ಟೋನ್ ಎಂಬ ಪ್ರೋಟೀನಿನ ಉಂಡೆಗಳಿಗೆ ಸುತ್ತಿಕೊಂಡಿರುತ್ತದೆ. ಬಳಗದ ಒಂದು ಸದಸ್ಯ ಆ ಉಂಡೆಗೆ ಪುಟ್ಟದೊಂದು ರಾಸಾಯನಿಕ ಚೀಟಿ ಅಂಟಿಸುತ್ತದೆ, ಪಾಲಿಕೋಂಬ್ ಆ ಚೀಟಿಯನ್ನು ಹಿಡಿದು ಕೂರುತ್ತದೆ. 2002ರಲ್ಲಿ ಹಲವು ತಂಡಗಳು ಇದನ್ನು ಒಟ್ಟೊಟ್ಟಿಗೆ ಕಂಡುಕೊಂಡವು. ಕೋಶ ಒಡೆದು ಎರಡಾದಾಗ ಹಳೆಯ ಚೀಟಿಗಳು ಹಂಚಿಹೋಗುತ್ತವೆ, ಅವನ್ನು ನೋಡಿ ಹೊಸವು ಅಂಟುತ್ತವೆ. ಇದಕ್ಕೆ ಎದುರಾಗಿ, ಮಾತಾಡುವವರನ್ನು ಮಾತಾಡುತ್ತಲೇ ಇರಿಸುವ ‘ಟ್ರೈಥೊರಾಕ್ಸ್’ ಎಂಬ ಬಳಗವೂ ಇದೆ.

ಮುಲ್ಲರ್ ಕಂಡ ತೇಪೆಗೂ ಪಮೇಲಾ ಕಂಡ ಬಾಚಣಿಗೆಗೂ ನಂಟಿದೆಯೇ? ಇದೆ. 1991ರಲ್ಲಿ ರೆನಾಟೊ ಪಾರೊ ಮತ್ತು ಡೇವಿಡ್ ಹಾಗ್ನೆಸ್ ಪಾಲಿಕೋಂಬ್ ಪ್ರೋಟೀನಿನ ಒಂದು ತುಣುಕನ್ನು, ಬಿಗಿ ಸುತ್ತಿನ ಭಾಗದಲ್ಲಿರುವ ಎಚ್.ಪಿ.1 ಎಂಬ ಪ್ರೋಟೀನಿನಲ್ಲೂ ಕಂಡರು. ಎರಡು ಬಗೆಯ ಮೌನಕ್ಕೂ ಒಂದೇ ನಮೂನೆಯ ಕೊಂಡಿ!

‘ನೊಣ ತಾನೇ, ನಮಗೇನು?’ ಎನ್ನುವಿರಾ? ಇದೇ ಬಳಗ ನಮ್ಮ ಮೈಯಲ್ಲೂ ಇದೆ. ಚೀಟಿ ಅಂಟಿಸುವ ಪ್ರೋಟೀನು ಹದ ತಪ್ಪಿದರೆ, ಕೋಶ ಅತಿಯಾಗಿ ಬೆಳೆಯದಂತೆ ತಡೆಯುವ ವಂಶವಾಹಿಗಳ ಬಾಯಿಯೇ ಕಟ್ಟಿಹೋಗಬಹುದು. ಕೆಲವು ಕ್ಯಾನ್ಸರುಗಳ ಹಿಂದೆ ಈ ಕಾರಣವಿದೆ. ಅದನ್ನು ತಡೆಯುವ ಟಾಜೆಮೆಟೊಸ್ಟಾಟ್ ಎಂಬ ಔಷಧಕ್ಕೆ 2020ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. 1947ರಲ್ಲಿ ನೊಣದ ಕಾಲು ನೋಡುತ್ತಿದ್ದಾಗ ಕ್ಯಾನ್ಸರಿನ ಮಾತು ಯಾರ ತಲೆಯಲ್ಲೂ ಇರಲಿಲ್ಲ. ‘ಇದರಿಂದೇನು ಪ್ರಯೋಜನ?’ ಎಂದು ಅಂದೇ ಯಾರಾದರೂ ಪಟ್ಟುಹಿಡಿದು ಕೇಳಿ ಸೀಸೆಗಳನ್ನು ಎಸೆಸಿದ್ದರೆ?

ಈ ಕಥೆ ನೀವಿರುವ ಊರುಗಳನ್ನೂ ತಾಕುತ್ತದೆ. ಮುಂಬಯಿ ಕೇಳುಗರೇ, ಕೊಲಾಬಾದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಒಬೈದ್ ಸಿದ್ದೀಕಿ ಈ ನೊಣದ ನರವ್ಯೂಹದ ಅಧ್ಯಯನ ಬೆಳೆಸಿ, ಮುಂದೆ ಬೆಂಗಳೂರಿನಲ್ಲಿ ಎನ್.ಸಿ.ಬಿ.ಎಸ್. ಕಟ್ಟಿದರು. ಹೈದರಾಬಾದಿನ ಸಿ.ಸಿ.ಎಂ.ಬಿ.ಯಲ್ಲಿ ರಾಕೇಶ್ ಮಿಶ್ರಾ ಅವರ ತಂಡ ಪಾಲಿಕೋಂಬ್ ಕುರಿತೇ ವರ್ಷಗಟ್ಟಲೆ ದುಡಿಯಿತು. ನಮ್ಮ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಇಂತಹ ನೊಣಗಳ ತಳಿಗಳನ್ನು ಕಾಪಾಡುವ ಕೇಂದ್ರವೇ ಇದೆ. ಮನೆಯಲ್ಲಿ ಜೀವಶಾಸ್ತ್ರ ಓದುವ ಮಕ್ಕಳಿದ್ದರೆ ಈ ಪುಟವನ್ನು ಅವರಿಗೂ ದಾಟಿಸಿ. ಮುಂದಿನ ಬಾಚಣಿಗೆ ಯಾರ ಕಣ್ಣಿಗೆ ಬೀಳುವುದೋ ಯಾರು ಬಲ್ಲರು?