ಕಡತದ ದಿನಾಂಕವನ್ನು ಎಷ್ಟು ನಂಬಬಹುದು?

ಕಂಪ್ಯೂಟರಿನ ಪ್ರತಿಯೊಂದು ಕಡತದೊಂದಿಗೂ ದಿನಾಂಕ ಮತ್ತು ವೇಳೆ ದಾಖಲಾಗಿರುತ್ತವೆ. ಇವನ್ನು ನಮೂದಿಸುವುದು ಕಾರ್ಯಾಚರಣಾ ವ್ಯವಸ್ಥೆ. ಅದಕ್ಕೆ ಆಧಾರ ಯಂತ್ರದೊಳಗಿನ ಗಡಿಯಾರ. ಗಡಿಯಾರ ತಪ್ಪಿದ್ದರೆ ದಾಖಲೆಯೂ ತಪ್ಪುತ್ತದೆ.

ಯುನಿಕ್ಸ್ ಮತ್ತು ಲಿನಕ್ಸ್ ವ್ಯವಸ್ಥೆಗಳಲ್ಲಿ ಮೂರು ವೇಳೆಗಳು ಮುಖ್ಯ. ಕಡತವನ್ನು ಕೊನೆಯ ಬಾರಿ ಓದಿದ್ದನ್ನು ‘ಎಟೈಮ್’, ಅದರ ಒಳಗಿನ ಮಾಹಿತಿ ಬದಲಾದದ್ದನ್ನು ‘ಎಂಟೈಮ್’ ತಿಳಿಸುತ್ತವೆ. ಮಾಹಿತಿಯಾಗಲೀ, ಒಡೆತನ, ಅನುಮತಿಯಂತಹ ವಿವರಗಳಾಗಲೀ ಬದಲಾದರೆ ‘ಸಿಟೈಮ್’ ಬದಲಾಗುತ್ತದೆ. ಇದನ್ನೇ ಕಡತ ಸೃಷ್ಟಿಯಾದ ವೇಳೆಯೆಂದು ಭಾವಿಸುವ ಪ್ರೋಗ್ರಾಮರುಗಳು ಕಡಿಮೆಯೇನಿಲ್ಲ.

ಈ ವೇಳೆಗಳೆಲ್ಲ ಸಂಗ್ರಹವಾಗುವುದು ಅಂಕಿಗಳಾಗಿ. ಯುನಿಕ್ಸ್ 1970ರ ಜನವರಿ 1ರಿಂದ ಸೆಕೆಂಡುಗಳನ್ನು ಎಣಿಸುತ್ತದೆ. ವಿಂಡೋಸ್‌ನ ಎನ್‌ಟಿಎಫ್‌ಎಸ್ 1601ರ ಜನವರಿ 1ರಿಂದ 100 ನ್ಯಾನೋಸೆಕೆಂಡಿಗೊಂದು ಎಣಿಕೆಯಂತೆ ಲೆಕ್ಕವಿಡುತ್ತದೆ. ಎರಡೂ ಅನುಸರಿಸುವುದು ಜಾಗತಿಕ ಸಮಯವನ್ನು. ಆದರೆ ಅನೇಕ ಪೆನ್‌ಡ್ರೈವ್‌ಗಳಲ್ಲಿರುವ ಫ್ಯಾಟ್ ಪದ್ಧತಿ ಸ್ಥಳೀಯ ವೇಳೆಯನ್ನೇ ಬರೆಯುತ್ತದೆ. ಮಾಹಿತಿ ಬದಲಾದ ವೇಳೆಯನ್ನು 2 ಸೆಕೆಂಡುಗಳ ಅಂತರದಲ್ಲಷ್ಟೇ ಗುರುತಿಸುತ್ತದೆ. ಯುನಿಕ್ಸ್ ಎಣಿಕೆಯನ್ನು 32 ಬಿಟ್‌ಗಳಲ್ಲಿ ಇಡುವ ಹಳೆಯ ತಂತ್ರಾಂಶಗಳಿಗೆ 2038ರ ಜನವರಿ 19ರಂದು ಅಂಕಿಗಳೇ ಮುಗಿಯಲಿವೆ.

ಸಿ ಹಾಗೂ ಪೈಥಾನ್ ಭಾಷೆಗಳಲ್ಲಿ ಈ ವೇಳೆಗಳನ್ನು ಓದಲು ‘ಸ್ಟ್ಯಾಟ್’ ಎಂಬ ಆದೇಶವಿದೆ. ಎಟೈಮ್, ಎಂಟೈಮ್‌ಗಳನ್ನು ಬೇಕಾದಂತೆ ತಿದ್ದಲು ‘ಯುಟೈಮ್’ ಸಹ ಇದೆ! ಕಡತವನ್ನು ನಕಲು ಮಾಡಿದಾಗಲೂ ಮೂಲದ ವೇಳೆ ಅಳಿದುಹೋಗಬಹುದು.

ಆದ್ದರಿಂದ ಪತ್ರವೊಂದು ಎಂದು ಸಿದ್ಧವಾಯಿತೆಂಬ ವಿವಾದದಲ್ಲಿ ಕಡತದ ದಿನಾಂಕವೊಂದೇ ಸಾಕ್ಷಿಯಾಗಲಾರದು. ಬ್ಯಾಕಪ್ ಪ್ರತಿ, ಸರ್ವರ್‌ನ ದಾಖಲೆಗಳೊಂದಿಗೆ ಅದನ್ನು ತಾಳೆ ನೋಡುವುದು ಅಗತ್ಯ.