ಬ್ರೇಕಿಗೆ ಗಾಳಿ ಬಿಟ್ಟ ಕಥಿ

▪ 1/7
ಹುನಗುಂದದ ಹೈವೇ ಬದಿ ಚಹಾದಂಗಡಿ ಮುಂದ ಅರ್ಧ ತಾಸು ನಿಂತು ನೋಡ್ರಿ. ಇಳಕಲ್ಲಿನ ಕೆಂಪು ಗ್ರಾನೈಟ್ ಹೊತ್ತ ಲಾರಿಗಳು ಒಂದರ ಹಿಂದ ಒಂದು ಹೋಗ್ತಾವ. ಈ ರಸ್ತೆಗೆ ಈಗ ರಾಷ್ಟ್ರೀಯ ಹೆದ್ದಾರಿ 50 ಅಂತ ಹೆಸರು, ಹಳಬರ ಬಾಯಲ್ಲಿ ಇನ್ನೂ 13.

ನಮ್ಮ ಕಾಕಾನೂ ಇಂಥದ್ದೇ ಕಲ್ಲಿನ ಲಾರಿ ಓಡಸ್ತಿದ್ದರು. ಒಂದು ರಾತ್ರಿ ಯಲ್ಲಾಪುರ ದಾಟಿ ಅರಬೈಲ್ ಘಾಟ್ ಇಳಿಯುವಾಗ ಆದದ್ದನ್ನ ಅವರು ಹಿಂಗ ಹೇಳತಿದ್ದರು: "ಬ್ರೇಕ್ ತುಳದೆ, ಇತ್ತು. ಮತ್ತ ತುಳದೆ, ಇತ್ತು. ಮೂರನೇ ತಿರುವಿನ್ಯಾಗ ತುಳದೆ, ಇರಲಿಲ್ಲ." ಗುಡ್ಡದ ಕಡೆ ಗಾಡಿ ತಿಕ್ಕಿಸಿ ನಿಲ್ಲಿಸಿದರು. ಕ್ಲೀನರ್ ಹುಡುಗನ ಕಾಲು ಮುರೀತು. ಮರುದಿನ ಮೆಕ್ಯಾನಿಕ್ ಬಿಚ್ಚಿ ನೋಡಿದರ ಯಾವ ಭಾಗವೂ ಮುರಿದಿರಲಿಲ್ಲ. "ಬ್ರೇಕ್ ಹೋಗಿಲ್ಲಪಾ, ಕಾಯ್ದಾವ" ಅಂದನಂತ.

ಬ್ರೇಕ್ ಕಾಯ್ದರ ಏನಾಗ್ತದ, ಅದನ್ನ ತಂಪು ಮಾಡಲಿಕ್ಕೆ ಜನ ಏನೇನು ಮಾಡಿದರು? ಈ ಸಲದ ಸರಣಿ ಅದರ ಇತಿಹಾಸ. ಕೊನೀಗೆ, ಟ್ರ್ಯಾಕಿಗೆ ಕಾರ್ ಒಯ್ಯೋ ಹುಡುಗರಿಗೆ ಕೆಲಸಕ್ಕೆ ಬರೋ ಮಾತೂ ಅದ.

▪ 2/7
ಮೊದಲು ಒಂದು ಲೆಕ್ಕ. ಬ್ರೇಕ್ ಗಾಡಿಯ ವೇಗವನ್ನು ಎಲ್ಲಿಗೂ ಮಾಯ ಮಾಡುವುದಿಲ್ಲ, ಶಾಖ ಮಾಡುತ್ತದೆ ಅಷ್ಟೇ. 1,000 ಕೆ.ಜಿ. ತೂಕದ ಕಾರು ಗಂಟೆಗೆ 120 ಕಿ.ಮೀ. ವೇಗದಿಂದ ಪೂರ್ತಿ ನಿಂತರೆ ಸುಮಾರು 5.5 ಲಕ್ಷ ಜೂಲ್ ಶಾಖ ಹುಟ್ಟುತ್ತದೆ. ಒಂದೂಮುಕ್ಕಾಲು ಲೀಟರ್ ತಣ್ಣೀರು ಕುದಿಯಲು ಅಷ್ಟು ಸಾಕು. ರಸ್ತೆ ಮ್ಯಾಲೆ ಒಮ್ಮೆ ಬ್ರೇಕ್ ಹಾಕಿದ ಮ್ಯಾಲೆ ಆರಲಿಕ್ಕೆ ಹೊತ್ತು ಸಿಗ್ತದ. ಟ್ರ್ಯಾಕಿನ್ಯಾಗ ಆ ಹೊತ್ತು ಇಲ್ಲ. ಹಿಂದಿನ ಶಾಖ ಹೋಗೋದ್ರಾಗ ಮುಂದಿನ ತಿರುವು ಬರ್ತದ.

ಈಗ ಕಾಕಾನ ಲಾರಿ ನೋಡ್ರಿ. 30 ಟನ್ ಗಾಡಿ ಬರೇ 100 ಮೀಟರ್ ಎತ್ತರ ಇಳಿದರೆ ಸುಮಾರು 294 ಲಕ್ಷ ಜೂಲ್. ಆ ಸಣ್ಣ ಕಾರು 50ಕ್ಕೂ ಹೆಚ್ಚು ಸಲ ನಿಂತಷ್ಟು ಶಾಖ! ಘಾಟ್ ಇಳಿಯುವಾಗ ಸಣ್ಣ ಗೇರಿನ್ಯಾಗ ಇಳೀರಿ ಅಂತ ಹಿರಿಯ ಚಾಲಕರು ಹೇಳೋದು ಸುಮ್ಮನ ಅಲ್ಲ. ಶಾಖದ ದೊಡ್ಡ ಪಾಲನ್ನ ಬ್ರೇಕಿನ ಬದಲು ಎಂಜಿನ್ ಹೊರತದ.

▪ 3/7
ಹಳೇ ಕಾಲದ ಬ್ರೇಕ್ ಅಂದರೆ ಡ್ರಮ್. ಮುಚ್ಚಿದ ಡಬ್ಬಿ, ಒಳಗೆ ಎರಡು ಶೂ. ಅದರ ದೋಷ ಅದರ ರೂಪದಲ್ಲೇ ಇತ್ತು: ಶಾಖ ಹುಟ್ಟುವುದು ಒಳಗೆ, ಗಾಳಿ ಇರುವುದು ಹೊರಗೆ. ಅಷ್ಟೇ ಅಲ್ಲ, ಡ್ರಮ್ ಕಾಯ್ದರೆ ಹಿಗ್ಗಿ ಶೂಗಳಿಂದ ದೂರ ಸರಿಯುತ್ತದೆ. ಎಷ್ಟು ತುಳಿದರೂ ಸಾಲುವುದಿಲ್ಲ. ರೇಸಿನವರು ಡ್ರಮ್ಮಿನ ಸುತ್ತ ಅಲ್ಯೂಮಿನಿಯಂ ರೆಕ್ಕೆ ಕೂರಿಸಿದರು, ಹಿಂಬದಿ ತಟ್ಟೆಗೆ ತೂತು ಕೊರೆದು ಗಾಳಿಗೆ ಬಾಯಿ ಮಾಡಿದರು. ಇಂದಿನ ಡಕ್ಟಿನ ಮುತ್ತಜ್ಜ ಅದೇ ತೂತು.

ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್ 1902ರಲ್ಲೇ ಡಿಸ್ಕ್ ಬ್ರೇಕಿಗೆ ಪೇಟೆಂಟ್ ಪಡೆದಿದ್ದರು. ಆದರೆ ಜಗತ್ತು ಅದನ್ನು ನಂಬಿದ್ದು 1953ರಲ್ಲಿ. ಫ್ರಾನ್ಸಿನ ಲೆ ಮಾನ್ಸ್ 24 ತಾಸಿನ ರೇಸನ್ನು ಡನ್‌ಲಪ್ ಡಿಸ್ಕ್ ಬ್ರೇಕ್ ಹಾಕಿದ ಜಾಗ್ವಾರ್ ಸಿ-ಟೈಪ್ ಗೆದ್ದಿತು. ಟೋನಿ ರೋಲ್ಟ್ ಮತ್ತು ಡಂಕನ್ ಹ್ಯಾಮಿಲ್ಟನ್ ಅದರ ಚಾಲಕರು. ಸರಾಸರಿ ವೇಗ ಗಂಟೆಗೆ ಸುಮಾರು 170 ಕಿ.ಮೀ. ಉಳಿದವರು ಬ್ರೇಕ್ ಉಳಿಸಿಕೊಳ್ಳಲು ತಿರುವಿಗೆ ಬಹಳ ಮುಂಚೆಯೇ ನಿಧಾನ ಮಾಡಬೇಕಾಗಿತ್ತು, ಇವರಿಗೆ ಆ ಚಿಂತೆ ಕಡಿಮೆ. 1955ರಲ್ಲಿ ಅದೇ ರೇಸಿಗೆ ಮರ್ಸಿಡಿಸ್ 300 ಎಸ್‌ಎಲ್‌ಆರ್ ಡ್ರಮ್ ಬ್ರೇಕಿನೊಂದಿಗೇ ಬಂತು. ಡ್ರಮ್ಮಿಗೆ ಭಾರ ಕಡಿಮೆಯಾಗಲಿ ಅಂತ ಚಾಲಕನ ಬೆನ್ನ ಹಿಂದೆ ಮೇಲಕ್ಕೇಳುವ ದೊಡ್ಡ ಹಲಗೆ ಇಟ್ಟಿದ್ದರು. ಗಾಳಿಯೇ ಗಾಡಿಯನ್ನು ತಡೆಯಲಿ ಅನ್ನೋ ಉಪಾಯ.

▪ 4/7
ನಮ್ಮ ಕಡೆ? ದಕ್ಷಿಣದ ರೇಸಿನ ತವರು ಮದ್ರಾಸ್ ಬಳಿಯ ಶೋಲಾವರಂ, ಎರಡನೇ ಮಹಾಯುದ್ಧದ ಕಾಲದ ವಿಮಾನ ಪಟ್ಟಿ. ಬೆಂಗಳೂರಿನ ಚಾಲಕರು, ಮೆಕ್ಯಾನಿಕರು ಅಲ್ಲಿಗೇ ಹೋಗುತ್ತಿದ್ದರು. ವಿಮಾನ ಪಟ್ಟಿ ಅಂದ್ರ ಉದ್ದನ್ನ ನೇರ ದಾರಿ, ಅದರ ತುದೀಗೆ ಗಕ್ಕನೆ ತಿರುವು. ಬ್ರೇಕಿಗೆ ಅದಕ್ಕಿಂತ ಕಠಿಣ ಪರೀಕ್ಷೆ ಇಲ್ಲ. ಅಲ್ಲಿ ಓಡುತ್ತಿದ್ದ ಅಂಬಾಸಿಡರ್, ಫಿಯಟ್‌ಗಳಿಗೆ ನಾಲ್ಕೂ ಗಾಲಿಗೆ ಡ್ರಮ್.

1990ರ ಹೊತ್ತಿಗೆ ರೇಸು ಶ್ರೀಪೆರಂಬುದೂರು ಬಳಿಯ ಇರುಂಗಾಟ್ಟುಕೋಟ್ಟೈಗೆ ಬಂತು. 2003ರಲ್ಲಿ ಕೊಯಮತ್ತೂರಿನಲ್ಲಿ ಕರಿ ಮೋಟಾರ್ ಸ್ಪೀಡ್‌ವೇ ತೆರೆಯಿತು. ಮಾರುತಿ 800ರ ಎಂಜಿನ್ ಹಾಕಿ ಅಗ್ಗದ ಫಾರ್ಮುಲಾ ಕಾರು ಕಟ್ಟಿದ ಎಸ್. ಕರಿವರ್ಧನ್ ಹೆಸರು ಅದಕ್ಕೆ. ಇವತ್ತು ನಮ್ಮ ಹುಡುಗರು ಸ್ವಂತ ಕಾರ್ ತಗೊಂಡು ಟ್ರ್ಯಾಕ್ ಡೇಗೆ ಹೋಗೋದು ಹೆಚ್ಚಾಗಿ ಈ ಎರಡಕ್ಕೇ.

▪ 5/7
ಈ ಸ್ಲೈಡ್ ಸೇವ್ ಮಾಡ್ಕೊಳ್ರಿ. ಡಕ್ಟ್ ಅಂದರೆ ಏನೂ ಮಂತ್ರ ಅಲ್ಲ: ಮುಂದಿನ ಬಂಪರಿನಲ್ಲಿ ಗಾಳಿ ಒತ್ತಿ ಬರುವ ಕಡೆ ಒಂದು ಬಾಯಿ (ಬಹಳ ಮಂದಿ ಫಾಗ್ ಲ್ಯಾಂಪ್ ತೆಗೆದ ಜಾಗ ಬಳಸ್ತಾರ), ಅಲ್ಲಿಂದ ಶಾಖ ತಡೆಯುವ ಎರಡು-ಮೂರು ಇಂಚಿನ ಪೈಪು, ಗಾಲಿ ಹಿಂದೆ ಒಂದು ತಟ್ಟೆ.

ಹೆಚ್ಚು ಮಂದಿ ತಪ್ಪೋದು ಕೊನೇ ತುದಿಯಲ್ಲಿ. ಗಾಳಿಯನ್ನು ಡಿಸ್ಕಿನ ಮುಖಕ್ಕೆ ಹೊಡೀಬಾರದು, ನಡುವಿನ ಕಣ್ಣಿಗೆ ಬಿಡಬೇಕು. ಯಾಕಂದ್ರ ವೆಂಟಿಲೇಟೆಡ್ ಡಿಸ್ಕ್ ಅಂದರೆ ನಡುವೆ ಸಂದು ಇರುವ ಎರಡು ತಟ್ಟೆ. ತಿರುಗುವಾಗ ಅದೇ ಪಂಪಿನಂತೆ ನಡುವಿನಿಂದ ಗಾಳಿ ಎಳೆದು ಅಂಚಿನಿಂದ ಹೊರಗೆ ಎಸೆಯುತ್ತದೆ. ಒಂದೇ ಮುಖ ತಂಪಾಗಿ ಇನ್ನೊಂದು ಕಾದೇ ಉಳಿದರೆ ಡಿಸ್ಕ್ ಬಾಗುತ್ತದೆ, ಬಿರುಕು ಬಿಡುತ್ತದೆ. ಘಾಟ್ ಇಳಿದು ಕಾದ ಡ್ರಮ್ಮಿಗೆ ನೀರು ಸುರಿದು ಸೀಳಿಸಿದವರಿಗೆ ಈ ಮಾತು ಹೊಸದಲ್ಲ. ಎರಕದ ಕಬ್ಬಿಣಕ್ಕೆ ಒಂದೇ ಕಡೆ ತಂಪು ಆಗಿಬರೋದಿಲ್ಲ.

ಪೈಪು ಕೂರಿಸಿದ ಮ್ಯಾಲೆ ಸ್ಟೇರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ ನೋಡ್ರಿ, ಗಾಡಿ ಜಾಕ್ ಮ್ಯಾಲೆ ಎತ್ತಿ ಇಳಿಸಿ ನೋಡ್ರಿ. ಟಯರಿಗೆ ತಿಕ್ಕಿದರ ಒಂದು ಲ್ಯಾಪಿನ್ಯಾಗ ಪೈಪು ಹರೀತದ.

▪ 6/7
ಹಂಗಾದ್ರ ಗಾಳಿ ಹೆಚ್ಚಾದಷ್ಟೂ ಚಲೋನಾ? ಇಲ್ಲ.

2011ರ ಅಕ್ಟೋಬರ್ 30, ಗ್ರೇಟರ್ ನೋಯ್ಡಾದ 5.125 ಕಿ.ಮೀ. ಬುದ್ಧ ಸರ್ಕ್ಯೂಟ್, ಭಾರತದ ಮೊದಲ ಫಾರ್ಮುಲಾ ಒನ್ ರೇಸು. ಹಿಂದೆ ಶೋಲಾವರಂನಲ್ಲಿ ತಾನೇ ರೇಸಿಗಿಳಿದಿದ್ದ ವಿಜಯ್ ಮಲ್ಯ ಅಂದು ಫೋರ್ಸ್ ಇಂಡಿಯಾ ತಂಡದ ಮುಖ್ಯಸ್ಥ. ಅವರ ಚಾಲಕ ಆಡ್ರಿಯನ್ ಸುಟಿಲ್ ಒಂಬತ್ತನೆಯವನಾಗಿ ಬಂದ. ಆ ಕಾರುಗಳ ಬ್ರೇಕ್ ಕಬ್ಬಿಣದ್ದಲ್ಲ, ಕಾರ್ಬನ್. 1,000 ಡಿಗ್ರಿ ತನಕ ಕಾಯುತ್ತದೆ, ಆದರೆ ತಣ್ಣಗಿದ್ದರೆ ಹಿಡಿಯುವುದೇ ಇಲ್ಲ! ಅದಕ್ಕೇ ಪ್ರತಿ ಟ್ರ್ಯಾಕಿಗೂ ಡಕ್ಟಿನ ಬಾಯಿಯ ಅಳತೆ ಬೇರೆ.

ಕಮ್ಮಾರರ ಓಣಿಯಲ್ಲಿ ತಿದಿ ಒತ್ತೋದನ್ನ ನೋಡಿದವರಿಗೆ ಇದು ತಿಳೀತದ. ಕೈ ಜೋರು ಮಾಡಿದರ ಆಗಲಿಲ್ಲ, ಎಷ್ಟು ಬೇಕೋ ಅಷ್ಟು ಒತ್ತಬೇಕು.

▪ 7/7
ಕೊನೇ ಮಾತು. ಡಕ್ಟಿಗೆ ರೊಕ್ಕ ಹಾಕೋ ಮುಂಚೆ ಬ್ರೇಕ್ ಆಯಿಲ್ ನೋಡ್ರಿ. ಹೊಸ ಡಾಟ್ 4 ಕನಿಷ್ಠ 230 ಡಿಗ್ರಿ ತನಕ ಕುದಿಯುವುದಿಲ್ಲ. ಆದರೆ ಅದು ಗಾಳಿಯ ತೇವ ಹೀರುತ್ತದೆ. ತೇವ ಸೇರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಒಳಗೆ ಕುದ್ದು ಆವಿ ಎದ್ದರೆ ಪೆಡಲ್ ಸೀದಾ ನೆಲಕ್ಕೆ. ಮೊದಲು ಹೊಸ ಆಯಿಲ್, ಆಮ್ಯಾಲೆ ಟ್ರ್ಯಾಕಿನ ಪ್ಯಾಡು, ಅದೂ ಸಾಲದಿದ್ದರ ಡಕ್ಟ್. ಮತ್ತ ಪ್ರತಿ ಸೆಷನ್ ಕೊನೀಗೆ ಒಂದು ಲ್ಯಾಪ್ ಬ್ರೇಕ್ ಮುಟ್ಟದ ಹಂಗ ನಿಧಾನ ಓಡಸ್ರಿ. ಅದಕ್ಕ ದುಡ್ಡೇ ಬೇಕಾಗಿಲ್ಲ.

ಬರೇ ಊರಾಗ, ಹೈವೇದಾಗ ಓಡೋ ಕಾರಿಗೆ ಡಕ್ಟ್ ಬೇಕಿಲ್ಲ. ಅಂದಕ್ಕಂತ ಬಂಪರ್ ಕೊರೀಬ್ಯಾಡ್ರಿ. ಗಾಡಿಯ ಮೂಲ ರೂಪ ಬದಲಿಸೋದಕ್ಕ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಮಿತಿಯೂ ಅದ.

ಕಾಕಾ ಆ ರಾತ್ರಿ ಆದ ಮ್ಯಾಲೂ ಹದಿನೈದು ವರ್ಷ ಲಾರಿ ಓಡಿಸಿದರು. ಪ್ರತಿ ಘಾಟಿನ ತಲೆಯಲ್ಲಿ ಗಾಡಿ ನಿಲ್ಲಿಸಿ, ಕೆಳಗಿಳಿದು, ಒಂದೊಂದೇ ಗಾಲಿ ಹತ್ತಿರ ಅಂಗೈ ಹಿಡಿದು ಶಾಖ ನೋಡುತ್ತಿದ್ದರು. ಹಿಂದಿನ ಲಾರಿಯವರು ಹಾರ್ನ್ ಹೊಡೆದರೂ ಅವಸರ ಮಾಡುತ್ತಿರಲಿಲ್ಲ. ಆ ಕ್ಲೀನರ್ ಹುಡುಗ ಈಗ ತಾನೇ ಚಾಲಕ. ಅವನೂ ಹಂಗೇ ನೋಡ್ತಾನ.

ನಿಮ್ಮ ಮನ್ಯಾಗ ಲಾರಿ, ಬಸ್ ಓಡಿಸಿದವರು ಇದ್ದರ ಇವತ್ತು ಕೇಳ್ರಿ, ಘಾಟ್ ಹೆಂಗ ಇಳೀತಿದ್ರಿ ಅಂತ. ಅವರು ಹೇಳಿದ್ದನ್ನ ಕೆಳಗ ಬರೀರಿ.

#ಹುನಗುಂದ #ಇಳಕಲ್ #ಬ್ರೇಕಿನಇತಿಹಾಸ #ಅರಬೈಲ್‌ಘಾಟ್ #ಟ್ರ್ಯಾಕ್‌ಡೇ