ಗೇರಿಲ್ಲದ ಪುಟ್ಟ ಕಾರಿನ ಕತೆ

ಹಾಲೆಂಡಿನ ಐಂಡ್‌ಹೋವನ್‌ನಲ್ಲಿ ಟ್ರಕ್ಕು, ಟ್ರೇಲರ್‌ಗಳನ್ನು ತಯಾರಿಸುತ್ತಿದ್ದ ಡಾಫ್ ಕಂಪೆನಿ 1958ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಪ್ರದರ್ಶನಕ್ಕೆ ಒಂದು ಪುಟ್ಟ ಕಾರನ್ನು ತಂದಿತು. 590 ಸಿಸಿಯ ಎರಡು ಸಿಲಿಂಡರಿನ ಎಂಜಿನ್. ಕ್ಲಚ್ ಪೆಡಲ್ ಇಲ್ಲ, ಬದಲಾಯಿಸಲು ಗೇರೂ ಇಲ್ಲ. ಹಿಡಿಯನ್ನು ಮುಂದೆ ತಳ್ಳಿದರೆ ಕಾರು ಮುಂದಕ್ಕೆ, ಹಿಂದೆ ಎಳೆದರೆ ಹಿಂದಕ್ಕೆ.

ಆಗ ಆಟೊಮ್ಯಾಟಿಕ್ ಗೇರು ಎಂದರೆ ಅಮೆರಿಕದ ದೊಡ್ಡ ಕಾರುಗಳ ಸೊತ್ತು. ಅದರ ಭಾರವನ್ನೂ ಅದು ನುಂಗುವ ಶಕ್ತಿಯನ್ನೂ ಸಣ್ಣ ಎಂಜಿನ್ ತಾಳುವಂತಿರಲಿಲ್ಲ. ಕಡಿಮೆ ಹಣದ ಕಾರು ಕೊಳ್ಳುವವನು ಕ್ಲಚ್ ತುಳಿಯುತ್ತಲೇ ಇರಬೇಕು ಎಂಬುದು ಒಪ್ಪಿತ ಮಾತಾಗಿತ್ತು. ಕಮ್ಮಾರನ ಮಗನಾಗಿ 1900ರಲ್ಲಿ ಹುಟ್ಟಿದ ಡಾಫ್‌ನ ಸ್ಥಾಪಕ ಹಬ್ ವಾನ್ ಡೋರ್ನ್ ಅದನ್ನು ಒಪ್ಪಲಿಲ್ಲ.

ಅವರ 'ವೇರಿಯೋಮ್ಯಾಟಿಕ್' ಕೇಳಲು ಸರಳ. ಎರಡು ಸಾಸರುಗಳ ತಳ ಒಂದಕ್ಕೊಂದು ಎದುರಾಗುವಂತೆ ಹಿಡಿಯಿರಿ. ನಡುವೆ ಇಂಗ್ಲಿಷಿನ 'ವಿ' ಆಕಾರದ ತೋಡು ಉಂಟಾಗುತ್ತದೆ. ಅದರಲ್ಲಿ ರಬ್ಬರ್ ಬೆಲ್ಟ್ ಓಡುತ್ತದೆ. ತಟ್ಟೆಗಳು ಹತ್ತಿರವಾದರೆ ಬೆಲ್ಟ್ ಅಂಚಿಗೆ ಏರುತ್ತದೆ, ದೂರವಾದರೆ ನಡುವಿಗೆ ಇಳಿಯುತ್ತದೆ. ಎಂಜಿನ್ ಕಡೆಯ ಪುಲ್ಲಿಯಲ್ಲಿ ಬೆಲ್ಟ್ ಏರಿದಷ್ಟೂ ಚಕ್ರದ ಕಡೆಯದರಲ್ಲಿ ಇಳಿಯುತ್ತದೆ. ಮೊದಲನೆಯದು, ಎರಡನೆಯದು ಎಂಬ ಮೆಟ್ಟಿಲುಗಳಿಲ್ಲ, ಇಳಿಜಾರು ಮಾತ್ರ. ಹಿಂದಕ್ಕೂ ಮುಂದಿನಷ್ಟೇ ವೇಗವಾಗಿ ಓಡಬಲ್ಲ ಈ ಕಾರುಗಳಿಂದ ಡಚ್ಚರು ಆಮೇಲೆ ಹಿಮ್ಮುಖ ಓಟದ ಪಂದ್ಯಗಳನ್ನೇ ನಡೆಸಿದರು!

ನಕ್ಕವರೂ ಕಡಿಮೆಯಿರಲಿಲ್ಲ. ಇದು ಹೆಂಗಸರ ಕಾರು, ಮುದುಕರ ಕಾರು ಎಂದರು. ಗೇರಿನೊಡನೆ ಗುದ್ದಾಡುವುದೇ ಗಂಡಸುತನ ಎಂದುಕೊಂಡವರ ನಗೆ ಅದು. ಹೆಂಗಸರಿಗೂ ಮುದುಕರಿಗೂ ಸುಲಭವಾಗುವುದು ಯಂತ್ರದ ದೋಷ ಹೇಗಾದೀತು?

ನಿಜವಾದ ದೋಷ ಬೇರೆಯೇ ಇತ್ತು. ರಬ್ಬರ್ ಬೆಲ್ಟ್ ಸವೆಯುತ್ತಿತ್ತು, ಜಾಗವನ್ನೂ ಬೇಡುತ್ತಿತ್ತು; ಡಾಫ್‌ನಲ್ಲಿ ಅಂಥವು ಎರಡು, ಕಾರಿನ ಹಿಂಭಾಗದಲ್ಲಿ. ವಾನ್ ಡೋರ್ನ್ ಎಳೆಯುವ ಬೆಲ್ಟನ್ನು ಬಿಟ್ಟು ತಳ್ಳುವ ಬೆಲ್ಟನ್ನು ಯೋಚಿಸಿದರು. ನೂರಾರು ತೆಳು ಉಕ್ಕಿನ ತುಂಡುಗಳನ್ನು ಉಕ್ಕಿನ ಪಟ್ಟಿಗಳಲ್ಲಿ ಪೋಣಿಸಿದ ಸರ ಅದು. ಒಂದು ತುಂಡು ಮುಂದಿನದನ್ನು ತಳ್ಳುತ್ತಾ ಎಣ್ಣೆಯಲ್ಲಿ ಓಡುತ್ತದೆ. ಗಾತ್ರ ಕುಗ್ಗಿತು, ಬಾಳಿಕೆ ಹೆಚ್ಚಿತು. ಆದರೆ ಒಂದೇ ದಪ್ಪದ ತುಂಡುಗಳು ಒಂದೇ ಲಯದಲ್ಲಿ ಪುಲ್ಲಿಗೆ ಬಡಿದರೆ ಕೀರಲು ದನಿ ಏಳುತ್ತದೆ. ಅದಕ್ಕೆ ವಿನ್ಯಾಸಕಾರರು ಕಂಡುಕೊಂಡ ಒಂದು ಉಪಾಯವೆಂದರೆ, ದಪ್ಪದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಿರುವ ತುಂಡುಗಳನ್ನು ಬೆರೆಸುವುದು. ಲಯ ತಪ್ಪಿದರೆ ಸದ್ದು ಚದುರುತ್ತದೆ.

ಇದು ಮಾರುಕಟ್ಟೆಗೆ ಬಂದದ್ದು 1987ರಲ್ಲಿ, ಸುಬಾರು ಜಸ್ಟಿ ಎಂಬ ಜಪಾನಿನ ಪುಟ್ಟ ಕಾರಿನಲ್ಲಿ. ಬೆನ್ನಿಗೇ ಫೋರ್ಡ್ ಫಿಯೆಸ್ಟಾ, ಫಿಯೆಟ್ ಊನೊ. ಡಾಫ್‌ನ ಕಾರು ವಿಭಾಗ 1975ರಲ್ಲೇ ವೋಲ್ವೋ ಪಾಲಾಗಿತ್ತು. ವಾನ್ ಡೋರ್ನ್ 1979ರಲ್ಲಿ ತೀರಿಕೊಂಡಿದ್ದರು.

ನಮ್ಮಲ್ಲಿ ಈ ಉಪಾಯ ಮನೆಮಾತಾದದ್ದು ಕಾರಿನಿಂದಲ್ಲ. 1984ರಲ್ಲಿ ಬಂದ ಕೈನೆಟಿಕ್ ಹೋಂಡಾ ಸ್ಕೂಟರಿನಲ್ಲಿದ್ದದ್ದು ರಬ್ಬರ್ ಬೆಲ್ಟಿನ ಇದೇ ಏರಿಳಿತ. ಇಂದು ಆ್ಯಕ್ಟಿವಾದಲ್ಲಿ ಕೆಲಸಕ್ಕೆ ಹೋಗುವ ಹೆಣ್ಣುಮಗಳೂ ಮೊಮ್ಮಕ್ಕಳನ್ನು ಶಾಲೆಗೆ ಬಿಡುವ ಅಜ್ಜನೂ ಅದನ್ನೇ ನಡೆಸುತ್ತಿದ್ದಾರೆ.

ಕಾರಿನಲ್ಲಿ ಮಾತ್ರ ದೂರು ನಿಂತಿಲ್ಲ. ವೇಗಕ್ಕೆಂದು ಒತ್ತಿದಾಗ ಎಂಜಿನ್ ಒಂದೇ ಸ್ವರದಲ್ಲಿ ಮೊರೆಯುವುದು ಕಿವಿಗೆ ಹಿಡಿಸುವುದಿಲ್ಲವಂತೆ. ಹಾಗಾಗಿ ಹಲವು ಕಂಪೆನಿಗಳು ಈ ಮೆಟ್ಟಿಲಿಲ್ಲದ ಯಂತ್ರಕ್ಕೆ ಕಂಪ್ಯೂಟರಿನ ಮೂಲಕ ಹುಸಿ ಮೆಟ್ಟಿಲುಗಳನ್ನು ಜೋಡಿಸಿವೆ. ಗೇರು ಬದಲಾದಂತೆ ಎಂಜಿನ್ ಸದ್ದು ಏರಿ ಇಳಿಯುತ್ತದೆ. ಒಳಗೆ ಗೇರು ಇರುವುದೇ ಇಲ್ಲ.